ಖೋಟಾ ನೋಟು ಪತ್ತೆ ಯಂತ್ರವನ್ನು ಸರಿಯಾಗಿ ಬಳಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪತ್ತೆ ಯಂತ್ರ ತಂದಿಟ್ಟ ಮೇಲೂ ಖೋಟಾ ನೋಟು ಗಲ್ಲಾಪೆಟ್ಟಿಗೆಗೆ ಬಂದು ಬೀಳುತ್ತದೆ. ಇನ್ನೊಂದೆಡೆ ಅಪ್ಪಟ ಅಸಲಿ ನೋಟಿಗೇ ಯಂತ್ರ ಕೆಂಪು ದೀಪ ಹಚ್ಚಿ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಮುಜುಗರ ತರುತ್ತದೆ. ಎರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ: ಯಂತ್ರ ಏನನ್ನು ಪರೀಕ್ಷಿಸುತ್ತಿದೆ ಎಂಬುದು ತಿಳಿಯದೆ ಅದರ ಉತ್ತರವನ್ನು ನಂಬಿಬಿಡುವುದು.

ಯುವಿ (ನೇರಳಾತೀತ) ದೀಪ ನೋಡುವುದು ಕಾಗದ ಮತ್ತು ಶಾಯಿ ಹೊಳೆಯುತ್ತವೆಯೇ ಎಂದಷ್ಟೇ. ಕಾಂತ ಸೆನ್ಸರ್ ನೋಡುವುದು ಶಾಯಿಯಲ್ಲಿ ಕಾಂತಗುಣ ಇದೆಯೇ ಎಂದು. ಇನ್ಫ್ರಾರೆಡ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ) ಕ್ಯಾಮೆರಾಗೆ ಬೇಕಾದದ್ದು ಯಾವ ಭಾಗ ಕಾಣಿಸುತ್ತದೆ, ಯಾವುದು ಮಾಯವಾಗುತ್ತದೆ ಎಂಬುದು. ‘ಈ ನೋಟು ಅಸಲಿಯೇ’ ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವುದೊಂದೂ ತಾನಾಗಿ ಉತ್ತರ ಕೊಡಲಾರದು. ಆದ್ದರಿಂದ ಪರೀಕ್ಷೆಗಳ ಕ್ರಮವೂ ಅವುಗಳನ್ನು ಜೋಡಿಸಿ ನೋಡುವ ರೀತಿಯೂ ಯಂತ್ರದಷ್ಟೇ ಮುಖ್ಯ.

## ಮೊದಲು ಬೇಕಾಗುವ ಸಾಮಾನು

ಪತ್ತೆ ಸಾಧನಗಳಲ್ಲಿ ಸುಮಾರು ನಾಲ್ಕು ಬಗೆ. ಅಯೋಡಿನ್ ಪೆನ್ನು; ಯುವಿ ದೀಪ, ಕೆಳಗಿನಿಂದ ಬೆಳಕು ಮತ್ತು ಭೂತಗನ್ನಡಿ ಇರುವ ಮೇಜಿನ ಪೆಟ್ಟಿಗೆ; ಇನ್ಫ್ರಾರೆಡ್ ಕ್ಯಾಮೆರಾ ಮತ್ತು ಪರದೆ ಇರುವ ಯಂತ್ರ; ನೋಟನ್ನು ತಾನೇ ಎಳೆದುಕೊಂಡು ಹಸಿರು ಅಥವಾ ಕೆಂಪು ದೀಪ ತೋರಿಸುವ ಸ್ವಯಂಚಾಲಿತ ಯಂತ್ರ. ನೋಟು ಎಣಿಸುವ ಯಂತ್ರಗಳಲ್ಲಿ ಈ ನಾಲ್ಕನೆಯದರ ಸೆನ್ಸರ್‌ಗಳನ್ನೇ ಜೋಡಿಸಿರುತ್ತಾರೆ.

ಪೆನ್ನಿನ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗಬಹುದು. ಅದರಲ್ಲಿರುವ ಅಯೋಡಿನ್ ಮರದ ತಿರುಳಿನ ಕಾಗದದಲ್ಲಿರುವ ಪಿಷ್ಟ ತಾಗಿದರೆ ಕಪ್ಪಗಾಗುತ್ತದೆ. ಪಿಷ್ಟವಿಲ್ಲದ ಹತ್ತಿ ಕಾಗದದ ಮೇಲೆ ತಿಳಿ ಹಳದಿಯಾಗಿಯೇ ಉಳಿಯುತ್ತದೆ. ಪಿಷ್ಟವಿಲ್ಲದ ಯಾವುದೇ ಕಾಗದ ಅದನ್ನು ದಾಟಿಬಿಡುತ್ತದೆ, ಗಂಜಿ ಹಾಕಿದ ಬಟ್ಟೆಯ ಜೇಬಿನಲ್ಲಿದ್ದ ಅಸಲಿ ನೋಟು ಸಿಕ್ಕಿಬೀಳುತ್ತದೆ. ಪಾಲಿಮರ್ (ಪ್ಲಾಸ್ಟಿಕ್) ನೋಟಿನ ಮೇಲಂತೂ ಅದರ ಗುರುತಿಗೆ ಅರ್ಥವೇ ಇಲ್ಲ. ಪೆನ್ನೊಂದನ್ನೇ ನೆಚ್ಚಿಕೊಳ್ಳಬೇಡಿ.

ಯಂತ್ರದ ಜೊತೆಗೆ ಇವಿಷ್ಟನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ:

- ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ
- ಯುವಿ ದೀಪದ ಕೆಳಗೆ ಹಾಸಲು ಮಾಸಲು ಕಪ್ಪು ಹಾಳೆ ಅಥವಾ ಬಟ್ಟೆ
- ನೂಲು ಬಿಡದ ಬಟ್ಟೆ, ಮೆತ್ತನೆಯ ಬ್ರಷ್, ಐಸೋಪ್ರೊಪೈಲ್ ಆಲ್ಕೋಹಾಲ್
- ನೀವು ತೆಗೆದುಕೊಳ್ಳುವ ಪ್ರತಿ ಮುಖಬೆಲೆಯ ಒಂದೊಂದು ಅಸಲಿ ನೋಟು, ಸಾಧ್ಯವಾದರೆ ಬ್ಯಾಂಕಿನಿಂದ ನೇರವಾಗಿ ತಂದದ್ದು

ಹೆಚ್ಚಿನವರು ಬಿಟ್ಟುಬಿಡುವುದು ಆ ಕೊನೆಯ ಸಾಲನ್ನೇ. ಹೋಲಿಸಿ ನೋಡಲು ಖಚಿತವಾದ ನೋಟು ಪಕ್ಕದಲ್ಲಿಲ್ಲದಿದ್ದರೆ, ದೀಪದ ಕೆಳಗೆ ಕಾಣುವ ಹೊಳಪು ಹೆಚ್ಚೋ ಕಡಿಮೆಯೋ ಹೇಳಲು ಯಾರಿಗೂ ಆಗದು.

ಯಂತ್ರ ಆರಿಸುವಾಗ ಮೂರು ಸಂಗತಿ ಕೇಳಿ ತಿಳಿಯಿರಿ. ಯುವಿ ದೀಪದ ತರಂಗಾಂತರ ಎಷ್ಟು? 365 ನ್ಯಾನೋಮೀಟರ್ ಇದ್ದರೆ ಒಳ್ಳೆಯದು. ಅಗ್ಗದ ಎಲ್‌ಇಡಿ ಟಾರ್ಚುಗಳು ಸಾಮಾನ್ಯವಾಗಿ 395ರ ಆಸುಪಾಸಿನವು. ಅವುಗಳಿಂದ ಬರುವ ಕಣ್ಣಿಗೆ ಕಾಣುವ ನೇರಳೆ ಬೆಳಕೇ ನೋಟಿನ ಮೇಲೆಲ್ಲ ಹರಡಿ ಮಂದವಾದ ಹೊಳಪನ್ನು ಮುಚ್ಚಿಹಾಕುತ್ತದೆ. ಎರಡನೆಯದು, ನಿಮಗೆ ಬೇಕಾದ ಹಣದ ಯಾವ ಯಾವ ಸರಣಿಗಳನ್ನು ಯಂತ್ರ ಗುರುತಿಸುತ್ತದೆ? ಮೂರನೆಯದು, ಹೊಸ ಸರಣಿ ಬಂದಾಗ ಅದರ ಸಾಫ್ಟ್‌ವೇರ್ ಬದಲಿಸಲು ದಾರಿ ಇದೆಯೇ?

## ಹಂತ 1: ಯಂತ್ರ ಇಡುವ ಜಾಗ

ಕಿಟಕಿಯ ಎದುರು, ಟ್ಯೂಬ್‌ಲೈಟಿನ ನೇರ ಕೆಳಗೆ ಯಂತ್ರ ಇಟ್ಟರೆ ಅರ್ಧ ಕೆಲಸ ಅಲ್ಲೇ ಕೆಡುತ್ತದೆ. ಯುವಿ ಹೊಳಪು ಮಂದ ಬೆಳಕು; ಹಗಲ ಬೆಳಕು ಬಿದ್ದೊಡನೆ ಕಾಣದಾಗುತ್ತದೆ. ಯಂತ್ರದ ಬಾಯಿ ಗೋಡೆಯ ಕಡೆಗೋ ನೆರಳಿನ ಕಡೆಗೋ ಇರಲಿ. ಸ್ವಯಂಚಾಲಿತ ಯಂತ್ರಕ್ಕೂ ಇದು ಅನ್ವಯಿಸುತ್ತದೆ: ನೋಟು ಒಳಗೆ ಹೋಗುವ ಸೀಳಿನ ಮೇಲೆ ಬಿಸಿಲು ಬಿದ್ದರೆ ಒಳಗಿನ ಬೆಳಕಿನ ಸೆನ್ಸರ್‌ಗಳು ತಪ್ಪು ಓದುತ್ತವೆ.

ಸ್ಪೀಕರ್, ಮೊಬೈಲಿನ ಆಯಸ್ಕಾಂತದ ಹಿಡಿಕೆ, ದೊಡ್ಡ ಟ್ರಾನ್ಸ್‌ಫಾರ್ಮರ್ ಇವೆಲ್ಲ ಯಂತ್ರದಿಂದ ದೂರವಿರಲಿ. ಕಾಂತ ಸೆನ್ಸರ್ ಅವನ್ನೂ ಗ್ರಹಿಸುತ್ತದೆ. ಮೇಜು ಅಲುಗಾಡದಿರಲಿ. ಫ್ಯಾನಿನ ಗಾಳಿ ನೇರವಾಗಿ ಬಡಿಯುವ ಕಡೆ ನೋಟು ಓರೆಯಾಗಿ ಒಳಗೆ ಹೋಗುತ್ತದೆ.

ಯುವಿ ದೀಪವನ್ನು ಕಣ್ಣಿಟ್ಟು ನೋಡಬಾರದು, ಅದರ ಕೆಳಗೆ ಕೈ ಇಟ್ಟುಕೊಂಡು ಕೂರಬಾರದು. ಕೆಲವು ಯಂತ್ರಗಳಲ್ಲಿ 254 ನ್ಯಾನೋಮೀಟರಿನ ಕಿರುತರಂಗದ ದೀಪವೂ ಇರುತ್ತದೆ. ಅದು ಚರ್ಮಕ್ಕೂ ಕಣ್ಣಿಗೂ ನಿಜಕ್ಕೂ ಅಪಾಯಕಾರಿ. ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ ಬೆಳಗಬೇಕು.

## ಹಂತ 2: ಅಸಲಿ ನೋಟುಗಳಿಂದ ಯಂತ್ರವನ್ನು ಹದಕ್ಕೆ ತರುವುದು

ಪೆಟ್ಟಿಗೆ ಬಿಚ್ಚಿದ ದಿನವೇ ಯಂತ್ರವನ್ನು ಕೌಂಟರಿಗೆ ಇಡಬೇಡಿ. ಬ್ಯಾಂಕಿನಿಂದ ಬಂದ, ಚಲಾವಣೆಯಲ್ಲಿ ಸ್ವಲ್ಪ ಹಳೆಯದಾದ ನೋಟುಗಳೂ ಸೇರಿರುವ ಸುಮಾರು ನೂರು ನೋಟುಗಳನ್ನು ತೆಗೆದುಕೊಳ್ಳಿ. ಸೂಕ್ಷ್ಮತೆಯ ಮಟ್ಟ ಬದಲಿಸುವ ಅವಕಾಶ ಯಂತ್ರದಲ್ಲಿದ್ದರೆ, ಯುವಿ ಮತ್ತು ಕಾಂತ ಎರಡನ್ನೂ ನಡುಮಟ್ಟದಲ್ಲಿಟ್ಟು ಎಲ್ಲವನ್ನೂ ಒಮ್ಮೆ ಹಾಯಿಸಿ.

ತಿರಸ್ಕಾರವಾದ ನೋಟುಗಳನ್ನು ಬೇರೆಯಾಗಿಟ್ಟು ಒಂದೊಂದನ್ನೇ ನೋಡಿ. ಕಲೆ, ಟೇಪು, ಒದ್ದೆ, ಮಡಿಕೆ ಇದ್ದ ನೋಟುಗಳಷ್ಟೇ ಹೊರಬಿದ್ದಿದ್ದರೆ ಹದ ಸರಿಯಾಗಿದೆ. ಶುಭ್ರವಾದ ನೋಟುಗಳೂ ಹೊರಬಿದ್ದರೆ ಪರದೆಯ ಮೇಲೆ ಯಾವ ಕಾರಣ ಬರುತ್ತಿದೆಯೋ ಆ ಒಂದರ ಮಟ್ಟವನ್ನು ಮಾತ್ರ ಒಂದು ಮೆಟ್ಟಿಲು ಇಳಿಸಿ, ಮತ್ತೆ ಅದೇ ನೂರು ನೋಟು ಹಾಯಿಸಿ. ಎರಡು ಮಟ್ಟಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ಗೊತ್ತಾಗುವುದಿಲ್ಲ.

ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತದೆ. ನೋಟು ತಿರಸ್ಕರಿಸುವಾಗಿನ ಬೀಪ್ ಸದ್ದಿನ ಕಾಟಕ್ಕೆ ಬೇಸತ್ತು ಮಟ್ಟವನ್ನು ತೀರಾ ಕೆಳಗಿಳಿಸಿ ಬಿಟ್ಟುಬಿಡುತ್ತಾರೆ. ಆಮೇಲೆ ಯಂತ್ರ ಬರೀ ಎಣಿಸುತ್ತದೆ, ಪತ್ತೆ ಮಾಡುವುದಿಲ್ಲ. ಅದಕ್ಕೇ ಮಟ್ಟ ಇಳಿಸಿದಾಗಲೆಲ್ಲ ಎದುರು ಪರೀಕ್ಷೆಯೂ ಆಗಬೇಕು: ಮುದ್ರಣಕ್ಕೆ ಬಳಸುವ ಸಾಮಾನ್ಯ ಬಿಳಿ ಹಾಳೆಯನ್ನು ನೋಟಿನ ಅಳತೆಗೆ ಕತ್ತರಿಸಿ ಹಾಕಿ ನೋಡಿ. ಅದನ್ನೂ ಯಂತ್ರ ಒಪ್ಪಿಕೊಂಡರೆ ಮಟ್ಟ ಅತಿಯಾಗಿ ಇಳಿದಿದೆ. ಪರೀಕ್ಷೆಗೆಂದು ನೋಟಿನ ಕಲರ್ ಜೆರಾಕ್ಸ್ ಮಾತ್ರ ತೆಗೆಯಬೇಡಿ. ಹಲವು ದೇಶಗಳಲ್ಲಿ ಅದೇ ಒಂದು ಅಪರಾಧ.

## ಹಂತ 3: ನೋಟನ್ನು ಸಿದ್ಧಪಡಿಸುವುದು

ಪಿನ್ನು, ಸ್ಟೇಪಲ್ ತುಂಡು, ರಬ್ಬರ್ ಬ್ಯಾಂಡ್ ತೆಗೆಯಿರಿ. ನೋಟಿನಲ್ಲಿ ಉಳಿದ ಕಾಳಿನಷ್ಟು ಸ್ಟೇಪಲ್ ಚೂರು ಸಾಕು, ಕಾಂತ ಸೆನ್ಸರ್ ‘ಶಾಯಿ ಇದೆ’ ಎಂದು ತಿಳಿದು ಬೀಪ್ ಮಾಡುತ್ತದೆ. ಖೋಟಾ ನೋಟು ಈ ಪರೀಕ್ಷೆಯನ್ನು ದಾಟುವ ಅತಿ ಸುಲಭದ ದಾರಿ ಇದು. ಮೇಲಾಗಿ ಅದೇ ಚೂರು ಸೆನ್ಸರಿನ ಗಾಜನ್ನು ಗೀಚುತ್ತದೆ.

ಮಡಿಚಿದ ಮೂಲೆಗಳನ್ನು ಬಿಡಿಸಿ, ಮುಖಬೆಲೆಯ ಪ್ರಕಾರ ಬೇರ್ಪಡಿಸಿ, ಎಲ್ಲ ನೋಟುಗಳ ಮುಖ ಒಂದೇ ಕಡೆ ಇರುವಂತೆ ಜೋಡಿಸಿ. ಒದ್ದೆ ನೋಟನ್ನು ಗಾಳಿಗೆ ಆರಿಸಿ. ಇಸ್ತ್ರಿಪೆಟ್ಟಿಗೆ ಬೇಡ, ಪಾಲಿಮರ್ ನೋಟು ಕಾವಿಗೆ ಮುದುಡಿಕೊಳ್ಳುತ್ತದೆ. ಹೊಚ್ಚ ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕಟ್ಟನ್ನು ಬಾಗಿಸಿ ಬೀಸಣಿಗೆಯಂತೆ ಬಿಡಿಸಿಯೇ ಹಾಕಿ.

## ಹಂತ 4: ಯಂತ್ರಕ್ಕಿಂತ ಮೊದಲು ಕೈ ಮತ್ತು ಕಣ್ಣು

ಇದಕ್ಕೆ ಐದು ಸೆಕೆಂಡು ಸಾಕು, ಅಷ್ಟರಲ್ಲೇ ಕಳಪೆ ಖೋಟಾ ನೋಟುಗಳು ಹೊರಬೀಳುತ್ತವೆ. ನೋಟಿನ ಕಾಗದ ಮರದ ತಿರುಳಿನದಲ್ಲ. ಅಮೆರಿಕದ ಡಾಲರ್ ನೋಟಿನಲ್ಲಿ ಶೇಕಡಾ 75 ಹತ್ತಿ, 25 ಅಗಸೆನಾರು. ಹಾಗಾಗಿ ಅಸಲಿ ನೋಟು ಎಷ್ಟು ಹಳತಾದರೂ ಕೈಗೆ ಬಟ್ಟೆಯ ಬಿಗುವು ಸಿಗುತ್ತದೆ. ಮುಖ್ಯ ಚಿತ್ರ, ದೊಡ್ಡ ಅಕ್ಷರಗಳ ಮೇಲೆ ಉಗುರಿನ ತುದಿಯನ್ನು ಅಡ್ಡಲಾಗಿ ಎಳೆದರೆ ಉಬ್ಬುಮುದ್ರಣದ ತರಿ ತಿಳಿಯಬೇಕು.

ನೋಟನ್ನು ಓರೆ ಮಾಡಿ ನೋಡಿ. ಬಣ್ಣ ಬದಲಾಗುವ ಭಾಗ ನಿಜಕ್ಕೂ ಬದಲಾಗುತ್ತದೆಯೇ? ಯೂರೋಪ ಸರಣಿಯ, ಅಂದರೆ ಈಗಿನ ಎರಡನೆಯ ಸರಣಿಯ, ಯೂರೋ ನೋಟಿನ ಎಡ ಕೆಳಮೂಲೆಯ ಸಂಖ್ಯೆ ಪಚ್ಚೆ ಹಸಿರಿನಿಂದ ಗಾಢ ನೀಲಿಗೆ ತಿರುಗುತ್ತದೆ. 500 ರೂಪಾಯಿ ನೋಟಿನ ಕಾಗದದಲ್ಲಿ ಹುದುಗಿಸಿದ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. 2013ರಿಂದ ಚಲಾವಣೆಗೆ ಬಂದ 100 ಡಾಲರ್ ನೋಟಿನಲ್ಲಿ ಶಾಯಿಕುಡಿಕೆಯೊಳಗಿನ ಗಂಟೆ ತಾಮ್ರದ ಬಣ್ಣದಿಂದ ಹಸಿರಾಗುತ್ತದೆ. ಖೋಟಾದಲ್ಲಿ ಸಾಮಾನ್ಯವಾಗಿ ಮಿನುಗು ಇರುತ್ತದೆ, ಬಣ್ಣ ಬದಲಾಗುವುದಿಲ್ಲ. ಮಿನುಗನ್ನೇ ಬದಲಾವಣೆ ಎಂದುಕೊಳ್ಳಬೇಡಿ.

## ಹಂತ 5: ಕೆಳಗಿನ ಬೆಳಕಿನಲ್ಲಿ ನೀರುಗುರುತು ಮತ್ತು ಎಳೆ

ಪೆಟ್ಟಿಗೆಯ ಕೆಳಗಿನ ಬಿಳಿ ದೀಪ ಹಚ್ಚಿ ನೋಟನ್ನು ಅದರ ಮೇಲೆ ಹರಡಿ. ನೀರುಗುರುತು (ವಾಟರ್‌ಮಾರ್ಕ್) ಕಾಗದ ತಯಾರಿಯ ಹೊತ್ತಿನಲ್ಲೇ ದಪ್ಪ–ತೆಳು ಮಾಡಿ ಮೂಡಿಸಿದ್ದು. ಆದ್ದರಿಂದ ಅದರ ಅಂಚು ಮಬ್ಬಾಗಿ, ನೆರಳಿನಿಂದ ಬೆಳಕಿಗೆ ನಿಧಾನವಾಗಿ ಕರಗುತ್ತದೆ. ಖೋಟಾದವರು ತಿಳಿ ಬೂದು ಶಾಯಿಯಲ್ಲಿ ಅಚ್ಚು ಹಾಕಿದ್ದರೆ ಅಂಚು ಚೂಪಾಗಿ, ಗೆರೆ ಎಳೆದಂತಿರುತ್ತದೆ. ಸುಲಭದ ಪರೀಕ್ಷೆ: ದೀಪ ಆರಿಸಿ ನೋಟನ್ನು ಮೇಜಿನ ಮೇಲಿಡಿ. ಆಗಲೂ ನೀರುಗುರುತು ಸ್ಪಷ್ಟವಾಗಿ ಕಂಡರೆ ಅನುಮಾನಿಸಿ.

ಅಲ್ಲಲ್ಲಿ ಮೇಲೆ ಬಂದು ಮರೆಯಾಗುವ ಬಗೆಯ ಎಳೆ ಮೇಲಿನ ಬೆಳಕಿನಲ್ಲಿ ತುಂಡು ತುಂಡಾಗಿ ಕಾಣುತ್ತದೆ, ಕೆಳಗಿನ ಬೆಳಕಿನಲ್ಲಿ ಒಂದೇ ಕಪ್ಪು ಗೆರೆಯಾಗುತ್ತದೆ. ಈ ಎರಡು ರೂಪಗಳೂ ಕಾಣಬೇಕು. ಬೆಳ್ಳಿ ಬಣ್ಣದ ತುಂಡುಗಳನ್ನು ಮೇಲೆ ಅಂಟಿಸಿದ ನೋಟಿನಲ್ಲಿ ಕೆಳಗಿನಿಂದ ನೋಡಿದರೂ ತುಂಡುಗಳೇ ಉಳಿಯುತ್ತವೆ.

ಪಾಲಿಮರ್ ನೋಟಿಗೆ ಈ ಹಂತ ಬೇರೆ. ಅಲ್ಲಿ ನೋಡಬೇಕಾದದ್ದು ಪಾರದರ್ಶಕ ಕಿಟಕಿ. ಅದು ನೋಟಿನ ಮೈಯ ಭಾಗವೇ ಆಗಿರಬೇಕು. ಕತ್ತರಿಸಿ ಪ್ಲಾಸ್ಟಿಕ್ ಅಂಟಿಸಿದ್ದರೆ ಅಂಚಿನಲ್ಲಿ ಬೆರಳಿಗೆ ಮೆಟ್ಟಿಲು ಸಿಗುತ್ತದೆ.

## ಹಂತ 6: ಯುವಿ ಪರೀಕ್ಷೆ

ಅತಿ ಹೆಚ್ಚು ಬಳಕೆಯಾಗುವುದೂ ಅತಿ ಹೆಚ್ಚು ತಪ್ಪು ಓದಿಕೊಳ್ಳುವುದೂ ಇದನ್ನೇ. ಹಾಗಾಗಿ ಇಲ್ಲಿ ಅವಸರ ಬೇಡ.

1. ಕಪ್ಪು ಹಾಳೆ ಹಾಸಿ. ಬಿಳಿ ಕಾಗದದ ಮೇಲೆ ನೋಟು ಇಟ್ಟರೆ ಕೆಳಗಿನ ಕಾಗದದ ನೀಲಿ ಹೊಳಪು ನೋಟಿನ ಅಂಚಿನಿಂದ ಇಣುಕಿ, ನೋಟೇ ಹೊಳೆಯುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.
2. ದೀಪ ಹಚ್ಚಿ, ಕಣ್ಣು ನೆರಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕೊಡಿ. ಟ್ಯೂಬ್ ದೀಪವಾದರೆ ಪೂರ್ತಿ ಬೆಳಕಿಗೆ ಬರಲು ಅದಕ್ಕೂ ಸಮಯ ಬೇಕು.
3. ಮೊದಲು ಅಸಲಿ ನೋಟನ್ನು ಇಟ್ಟು ನೋಡಿ. ಅನುಮಾನದ ನೋಟನ್ನು ಅದರ ಪಕ್ಕದಲ್ಲೇ ಇಡಿ. ಒಂದಾದ ಮೇಲೆ ಒಂದನ್ನಲ್ಲ, ಎರಡನ್ನೂ ಒಟ್ಟಿಗೆ ನೋಡಿ.
4. ಕಾಗದದ ಮೈ ನೋಡಿ. ಅಸಲಿ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸಿರುವುದಿಲ್ಲ, ಆದ್ದರಿಂದ ಅದು ಮಂಕಾಗಿ ಉಳಿಯುತ್ತದೆ. ಅಂಗಡಿಯ ಬಿಳಿ ಹಾಳೆ ತಿಳಿನೀಲಿಯಾಗಿ ಉರಿಯುತ್ತದೆ.
5. ಆಮೇಲೆ, ಹೊಳೆಯಲೇಬೇಕಾದ ಭಾಗಗಳನ್ನು ಹುಡುಕಿ. ಎರಡೂ ಬದಿ ನೋಡಿ.

ನಾಲ್ಕನೆಯದನ್ನು ಮಾಡಿ ಐದನೆಯದನ್ನು ಬಿಡುವವರೇ ಮೋಸ ಹೋಗುವುದು. ಕಾಗದ ಹೊಳೆಯಲಿಲ್ಲ ಎಂದರೆ ಅದು ಅಂಗಡಿಯ ಬಿಳಿ ಹಾಳೆಯಲ್ಲ ಎಂದಷ್ಟೇ ಅರ್ಥ. ಮಂಕಾದ ಕಾಗದವನ್ನು ಹುಡುಕಿ ತರುವುದು ಖೋಟಾ ಮಾಡುವವರಿಗೆ ಕಷ್ಟದ ಕೆಲಸವಲ್ಲ.

ಹೊಳೆಯಬೇಕಾದದ್ದು ಏನು? ಡಾಲರಿನಲ್ಲಿ ಎಳೆಯ ಬಣ್ಣವೇ ಮುಖಬೆಲೆ ಹೇಳುತ್ತದೆ: 5ಕ್ಕೆ ನೀಲಿ, 10ಕ್ಕೆ ಕಿತ್ತಳೆ, 20ಕ್ಕೆ ಹಸಿರು, 50ಕ್ಕೆ ಹಳದಿ, 100ಕ್ಕೆ ಗುಲಾಬಿ. 1 ಮತ್ತು 2 ಡಾಲರ್ ನೋಟುಗಳಲ್ಲಿ ಎಳೆಯೇ ಇಲ್ಲ, ಅದನ್ನು ಹುಡುಕಿ ಗಾಬರಿಯಾಗಬೇಡಿ. ಯೂರೋ ನೋಟಿನಲ್ಲಿ ಕಾಗದದೊಳಗಿನ ಬಿಡಿ ನಾರುಗಳು ಬಣ್ಣ ಬಣ್ಣವಾಗಿ ಬೆಳಗುತ್ತವೆ. ಮಹಾತ್ಮ ಗಾಂಧಿ ಸರಣಿಯ ರೂಪಾಯಿ ನೋಟುಗಳಲ್ಲಿ ಸಂಖ್ಯೆ ಅಚ್ಚಾದ ಭಾಗವೂ ಕಾಗದದ ನಾರುಗಳೂ ಹೊಳೆಯುತ್ತವೆ. ಬ್ರಿಟನ್ನಿನ ಪಾಲಿಮರ್ ಪೌಂಡ್ ನೋಟಿನ ಮುಂಬದಿಯಲ್ಲಿ ಮುಖಬೆಲೆಯ ಅಂಕಿ ಕೆಂಪು ಹಸಿರಾಗಿ ಎದ್ದು ಬರುತ್ತದೆ, ಹಿನ್ನೆಲೆ ಮಂಕಾಗಿರುತ್ತದೆ.

ನಾರುಗಳನ್ನು ಹತ್ತಿರದಿಂದ ನೋಡುವುದು ಕಲಿಯಲೇಬೇಕು. ಭೂತಗನ್ನಡಿ ಹಿಡಿದರೆ ಅಸಲಿ ನಾರು ಕಾಗದದೊಳಗೆ ಹುದುಗಿದ ಸಣ್ಣ ಕೂದಲಿನಂತಿರುತ್ತದೆ. ಒಂದು ತುದಿ ಮೇಲೆ, ಇನ್ನೊಂದು ತುದಿ ಒಳಗೆ. ಆದ್ದರಿಂದ ಒಂದೇ ನಾರು ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಮಸುಕಾಗಿ ಕಾಣುತ್ತದೆ. ಎರಡು ನೋಟುಗಳಲ್ಲಿ ನಾರು ಒಂದೇ ಜಾಗದಲ್ಲಿ ಬೀಳುವುದಿಲ್ಲ. ಹೊಳೆಯುವ ಶಾಯಿಯಲ್ಲಿ ಅಚ್ಚು ಹಾಕಿದ ಸುಳ್ಳು ನಾರು ಉದ್ದಕ್ಕೂ ಒಂದೇ ಸಮ ಹೊಳೆಯುತ್ತದೆ. ಅನುಮಾನದ ನೋಟುಗಳು ಎರಡಿದ್ದು, ಎರಡರಲ್ಲೂ ನಾರುಗಳು ಅದದೇ ಜಾಗದಲ್ಲಿದ್ದರೆ ಅದು ಬಲವಾದ ಸಾಕ್ಷಿ.

ಇನ್ನು ಅಸಲಿ ನೋಟೂ ಹೊಳೆಯುವ ಸಂದರ್ಭಗಳು. ಜೇಬಿನಲ್ಲೇ ಉಳಿದು ಬಟ್ಟೆಯ ಜೊತೆ ಒಗೆದುಹೋದ ನೋಟು ಸಾಬೂನಿನ ಪುಡಿಯಲ್ಲಿರುವ ಬಿಳುಪುಕಾರಕವನ್ನು ಹೀರಿಕೊಂಡು ಬಿಳಿ ಹಾಳೆಯಂತೆಯೇ ಬೆಳಗುತ್ತದೆ. ಸಾಮಾನ್ಯವಾಗಿ ಆ ಹೊಳಪು ತೇಪೆತೇಪೆಯಾಗಿ, ಮಡಿಕೆಗಳ ಗುಂಟ ಹೆಚ್ಚು ಕಡಿಮೆಯಾಗಿ ಇರುತ್ತದೆ. ಅಂಟುಟೇಪು, ಹೈಲೈಟರ್ ಗೆರೆ, ಕೆಲವು ಎಣ್ಣೆ ಕಲೆಗಳೂ ಹೊಳೆಯುತ್ತವೆ. ಇಂಥ ನೋಟನ್ನು ಖೋಟಾ ಎಂದು ತೀರ್ಪು ಕೊಡುವುದಕ್ಕೆ ಮೊದಲು ನೀರುಗುರುತು, ಎಳೆ, ಉಬ್ಬುಮುದ್ರಣ ಮೂರನ್ನೂ ಮತ್ತೆ ನೋಡಿ.

## ಹಂತ 7: ಕಾಂತ ಪರೀಕ್ಷೆ

ಕೈಯಲ್ಲಿ ಹಿಡಿಯುವ ಸೆನ್ಸರ್ ಆದರೆ ನೋಟನ್ನು ಸಪಾಟಾಗಿ ಹಿಡಿದು, ಸಾಧಾರಣ ಒತ್ತಡದಲ್ಲಿ, ನಿಲ್ಲಿಸದೆ ಎಳೆಯಿರಿ. ನಿಂತಲ್ಲಿ ಒತ್ತಿ ಹಿಡಿದರೆ ಹಲವು ಸೆನ್ಸರ್‌ಗಳು ಏನೂ ಗ್ರಹಿಸುವುದಿಲ್ಲ; ಅವಕ್ಕೆ ಚಲನೆ ಬೇಕು. ಅಸಲಿ ನೋಟಿನ ಯಾವ ಜಾಗದಲ್ಲಿ ಬೀಪ್ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಮೊದಲೇ ಗುರುತು ಮಾಡಿಕೊಂಡಿರಿ.

‘ಎಲ್ಲಿ ಬರುವುದಿಲ್ಲ’ ಎಂಬುದು ಹೆಚ್ಚು ಮುಖ್ಯ. ಕೆಲವು ಲೇಸರ್ ಪ್ರಿಂಟರುಗಳ ಟೋನರಿನಲ್ಲೇ ಕಬ್ಬಿಣದ ಆಕ್ಸೈಡ್ ಇರುತ್ತದೆ. ಅದರಲ್ಲಿ ಮುದ್ರಿಸಿದ ಖೋಟಾ ನೋಟು ಬೀಪ್ ಮಾಡುತ್ತದೆ, ಆದರೆ ಮಾಡಬಾರದ ಜಾಗಗಳಲ್ಲೂ ಮಾಡುತ್ತದೆ. ಬರೀ ಸದ್ದು ಬಂತೆಂದು ನೋಟು ಒಪ್ಪಿಕೊಂಡರೆ ಈ ಬಗೆ ದಾಟಿಹೋಗುತ್ತದೆ.

## ಹಂತ 8: ಇನ್ಫ್ರಾರೆಡ್ ನೋಟ

ಇನ್ಫ್ರಾರೆಡ್ ಯಂತ್ರ ಸಿಕ್ಕರೆ ಅದಕ್ಕೇ ಹೆಚ್ಚು ತೂಕ ಕೊಡಿ. ಅಸಲಿ ನೋಟಿನಲ್ಲಿ ನಮ್ಮ ಕಣ್ಣಿಗೆ ಒಂದೇ ಬಣ್ಣವಾಗಿ ಕಾಣುವ ಎರಡು ಶಾಯಿಗಳು ಇನ್ಫ್ರಾರೆಡ್‌ನಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ: ಒಂದು ಕಪ್ಪಾಗಿ ಉಳಿಯುತ್ತದೆ, ಇನ್ನೊಂದು ಗಾಜಿನಂತೆ ಮಾಯವಾಗುತ್ತದೆ. ಯೂರೋಪ ಸರಣಿಯ ಯೂರೋ ನೋಟನ್ನು ಪರದೆಯ ಮೇಲೆ ನೋಡಿದರೆ ಮುಂಬದಿಯಲ್ಲಿ ಪಚ್ಚೆ ಸಂಖ್ಯೆ, ಮುಖ್ಯ ಚಿತ್ರದ ಬಲಭಾಗ, ಬೆಳ್ಳಿ ಪಟ್ಟಿ ಉಳಿದು ಮಿಕ್ಕದ್ದು ಅಳಿಸಿಹೋಗುತ್ತದೆ. ಕಟ್ಟಡದ ಚಿತ್ರ ಅರ್ಧಕ್ಕೆ ಕೊಯ್ದಂತೆ ನಿಲ್ಲುತ್ತದೆ.

ಖೋಟಾ ನೋಟಿನಲ್ಲಿ ಈ ಅರ್ಧಂಬರ್ಧ ಸಿಗುವುದು ಬಲು ಅಪರೂಪ. ಇಂಗಾಲದ ಕಪ್ಪಿರುವ ಟೋನರ್ ಬಳಸಿದ ಕಡೆಯೆಲ್ಲ ಕಪ್ಪಾಗಿ ಉಳಿಯುತ್ತದೆ. ಬಣ್ಣದ ದ್ರಾವಣದ ಇಂಕ್‌ಜೆಟ್ ಶಾಯಿಯಾದರೆ ನೋಟು ಪೂರ್ತಿ ಖಾಲಿ ಹಾಳೆಯಾಗುತ್ತದೆ. ಒಗೆದ ನೋಟು, ಮಾಸಿದ ನೋಟು ಯುವಿಯಲ್ಲಿ ಗೊಂದಲ ಮಾಡಿದಾಗಲೂ ಇನ್ಫ್ರಾರೆಡ್ ಚಿತ್ರ ಬಹುತೇಕ ಸರಿಯಾಗಿಯೇ ಇರುತ್ತದೆ. ಹಾಗಾಗಿ ಯುವಿಯಲ್ಲಿ ಸಿಕ್ಕಿಬಿದ್ದ ನೋಟಿಗೆ ಎರಡನೆಯ ಪರೀಕ್ಷೆ ಇದೇ ಆಗಲಿ. ಬಳಸುವ ಪ್ರತಿ ಮುಖಬೆಲೆಯ ಅಸಲಿ ಇನ್ಫ್ರಾರೆಡ್ ಚಿತ್ರ ಹೇಗಿರುತ್ತದೆಂದು ಯಂತ್ರದ ಕೈಪಿಡಿಯಲ್ಲಿ ನೋಡಿ ಮನದಟ್ಟು ಮಾಡಿಕೊಳ್ಳಿ.

## ಹಂತ 9: ಸ್ವಯಂಚಾಲಿತ ಯಂತ್ರಕ್ಕೆ ಕೊಡುವುದು

ಹಣದ ಬಗೆ ಸರಿಯಾಗಿ ಆರಿಸಲಾಗಿದೆಯೇ ನೋಡಿ. ನೋಟನ್ನು ಬಾಣದ ಗುರುತಿನ ಅಂಚಿಗೆ ಒತ್ತಿ, ನೇರವಾಗಿ ಕೊಡಿ. ಯಂತ್ರ ಹಿಡಿದೊಡನೆ ಕೈಬಿಡಿ. ಹಿಂದಕ್ಕೆ ಎಳೆದರೆ ವೇಗ ಕೆಟ್ಟು ಓದುವಿಕೆ ತಪ್ಪುತ್ತದೆ.

ಕೆಂಪು ದೀಪ ಬಂದರೆ ನೋಟನ್ನು ತಿರುಗಿಸಿ ಮತ್ತೆ ಕೊಡಿ. ಮುಂಬದಿ, ಹಿಂಬದಿ, ತಲೆ ಮೇಲೆ, ತಲೆ ಕೆಳಗೆ ಹೀಗೆ ನಾಲ್ಕು ದಿಕ್ಕು. ಎಲ್ಲ ದಿಕ್ಕಿನಲ್ಲೂ ತಿರಸ್ಕಾರವಾದರೆ ನಿಲ್ಲಿಸಿ, ಹಂತ 4ಕ್ಕೆ ಹಿಂತಿರುಗಿ. ‘ಹತ್ತನೇ ಸಲ ಹಸಿರು ಬಂತು’ ಎಂದು ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕುವುದು ಪರೀಕ್ಷೆಯಲ್ಲ, ಹಟ.

ಪರದೆಯ ಮೇಲೆ ಬರುವ ಸಂಕೇತಗಳು ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಬೇರೆ. ಕೈಪಿಡಿಯಲ್ಲಿರುವ ಪಟ್ಟಿಯನ್ನು ಬರೆದು ಯಂತ್ರದ ಪಕ್ಕದಲ್ಲೇ ಅಂಟಿಸಿ. ‘ಎರಡು ನೋಟು’ ಅಥವಾ ‘ಅಳತೆ ತಪ್ಪು’ ಎಂಬ ಸಂಕೇತಕ್ಕೂ ‘ಅನುಮಾನದ ನೋಟು’ ಎಂಬುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಮೊದಲೆರಡು ಹೆಚ್ಚಾಗಿ ಟೇಪು, ಮಡಿಕೆ, ಹರಿದ ಮೂಲೆಯಿಂದ ಬರುವಂಥವು. 200 ರೂಪಾಯಿ ನೋಟು 146 ಮಿಲಿಮೀಟರ್ ಉದ್ದ, 500ರದು 150. ಅಗಲ ಎರಡಕ್ಕೂ 66. ವ್ಯತ್ಯಾಸ ಬರೀ 4 ಮಿಲಿಮೀಟರ್. ಮೂಲೆ ಮಡಿಚಿದ ನೋಟಿಗೆ ಅಳತೆಯ ಸೆನ್ಸರ್ ತಕರಾರು ತೆಗೆಯುವುದು ಸಹಜ.

## ಯಂತ್ರವನ್ನೂ ದಾಟುವ ಮೂರು ಬಗೆಯ ಖೋಟಾ

ಬಣ್ಣ ತೊಳೆದ ನೋಟು. ಕಡಿಮೆ ಮುಖಬೆಲೆಯ ಅಸಲಿ ನೋಟಿನ ಶಾಯಿಯನ್ನು ತೊಳೆದು, ಅದೇ ಕಾಗದದ ಮೇಲೆ ಹೆಚ್ಚಿನ ಬೆಲೆ ಮುದ್ರಿಸುತ್ತಾರೆ. ಡಾಲರ್ ನೋಟುಗಳೆಲ್ಲ ಒಂದೇ ಅಳತೆಯವಾದ್ದರಿಂದ ಅಲ್ಲಿ ಇದು ಸಾಧ್ಯವಾಗುತ್ತದೆ. ಕಾಗದ ಅಸಲಿ, ಪೆನ್ನು ಒಪ್ಪುತ್ತದೆ, ಯುವಿಯಲ್ಲಿ ಮೈ ಮಂಕು, ಎಳೆಯೂ ಇದೆ, ನೀರುಗುರುತೂ ಇದೆ. ಸಿಕ್ಕಿಬೀಳುವುದು ಒಂದೇ ಕಡೆ: 100 ಎಂದು ಬರೆದ ನೋಟಿನ ಎಳೆ ಗುಲಾಬಿಯ ಬದಲು ನೀಲಿಯಾಗಿ ಹೊಳೆಯುತ್ತದೆ, ನೀರುಗುರುತು 5ರ ನೋಟಿನದ್ದಾಗಿರುತ್ತದೆ. ಎಳೆ ‘ಇದೆಯೇ’ ಎಂದು ನೋಡಿದರೆ ಸಾಲದು, ಮುಖಬೆಲೆಗೆ ‘ಹೊಂದುತ್ತದೆಯೇ’ ಎಂದು ನೋಡಬೇಕು.

ಅರ್ಧ ಅಸಲಿ, ಅರ್ಧ ನಕಲಿ. ಹರಿದ ಅಸಲಿ ತುಂಡಿಗೆ ಖೋಟಾ ತುಂಡು ಅಂಟಿಸಿರುತ್ತಾರೆ. ಯಂತ್ರದ ಸೆನ್ಸರ್‌ಗಳು ಅಸಲಿ ಭಾಗದ ಮೇಲಷ್ಟೇ ಹಾಯ್ದರೆ ಹಸಿರು ದೀಪ. ಟೇಪು ಹಾಕಿದ ಪ್ರತಿ ನೋಟಿನಲ್ಲೂ ಎರಡು ಕಡೆಯ ಕ್ರಮಸಂಖ್ಯೆಗಳನ್ನು ಅಂಕಿ ಅಂಕಿಯಾಗಿ ಹೋಲಿಸಿ. ಯುವಿಯಲ್ಲಿ ಎರಡು ಅರ್ಧಗಳ ಮೈಬಣ್ಣ ಬೇರೆಯಾಗಿ ಕಂಡರೂ ಎಚ್ಚರಿಕೆ.

ಒಳ್ಳೆಯ ಕಾಗದದ ಮೇಲಿನ ಪ್ರಿಂಟರ್ ಕೆಲಸ. ಇದಕ್ಕೆ ಭೂತಗನ್ನಡಿಯೇ ಮದ್ದು. ಹಿನ್ನೆಲೆಯ ಒಂದು ಸಣ್ಣ ಗೆರೆಯನ್ನು ಹತ್ತು ಪಟ್ಟಿನಲ್ಲಿ ನೋಡಿ. ಅಸಲಿಯಲ್ಲಿ ಅದು ಒಂದೇ ಬಣ್ಣದ, ಅಂಚು ಕಡಿಯದ ಗೆರೆ. ಇಂಕ್‌ಜೆಟ್‌ನಲ್ಲಿ ಅದೇ ಗೆರೆ ನೀಲಿ, ಗುಲಾಬಿ, ಹಳದಿ ಚುಕ್ಕಿಗಳ ಜಾತ್ರೆ. ಲೇಸರ್ ಮುದ್ರಣದಲ್ಲಿ ಗೆರೆಯ ಸುತ್ತ ಧೂಳು ಚೆಲ್ಲಿದಂತೆ ಬಿಡಿ ಕಣಗಳು, ಮೇಲೆ ಮೇಣದ ಹೊಳಪು. ಅತಿ ಸಣ್ಣ ಅಕ್ಷರಗಳು ಅಸಲಿಯಲ್ಲಿ ಓದಲು ಬರುತ್ತವೆ, ಖೋಟಾದಲ್ಲಿ ಮುದ್ದೆಯಾಗಿರುತ್ತವೆ.

## ಯಂತ್ರವೇ ದಾರಿ ತಪ್ಪುತ್ತಿದೆ ಎಂಬ ಸೂಚನೆಗಳು

ನಿನ್ನೆಯವರೆಗೆ ಸರಿಯಿದ್ದ ಯಂತ್ರ ಇವತ್ತು ಎಲ್ಲ ನೋಟುಗಳನ್ನೂ ಹೊರಹಾಕುತ್ತಿದ್ದರೆ ಖೋಟಾ ನೋಟುಗಳ ಪ್ರವಾಹ ಬಂದಿಲ್ಲ. ಗಾಜಿನ ಮೇಲೆ ಧೂಳು ಕೂತಿದೆ. ಹೊರಬಿದ್ದ ನೋಟುಗಳಲ್ಲೆಲ್ಲ ಒಂದೇ ಜಾಗದಲ್ಲಿ ಕೊಳೆಯ ಪಟ್ಟೆ ಕಂಡರೆ ರೋಲರಿನ ಮೇಲೆ ಅಂಟು ಹಿಡಿದಿದೆ.

ಯುವಿ ಟ್ಯೂಬು ಉರಿಯುತ್ತಿದ್ದರೂ ಶಕ್ತಿ ಕಳೆದುಕೊಂಡಿರಬಹುದು, ಏಕೆಂದರೆ ನೇರಳಾತೀತ ಭಾಗ ಕಣ್ಣಿಗೆ ಕಾಣದು. ತುದಿಗಳು ಕಪ್ಪಾಗಿದ್ದರೆ, ಅಸಲಿ ನೋಟಿನ ನಾರುಗಳು ಮೊದಲಿನಷ್ಟು ಎದ್ದು ಕಾಣದಿದ್ದರೆ ಟ್ಯೂಬು ಬದಲಿಸಿ. ನಿರ್ದಿಷ್ಟ ಮುಖಬೆಲೆಯ ಹೊಸ ನೋಟುಗಳು ಮಾತ್ರ ತಿರಸ್ಕಾರವಾಗುತ್ತಿದ್ದರೆ ಅದು ಸಾಫ್ಟ್‌ವೇರ್ ಹಳತಾದ ಲಕ್ಷಣ. ಬದಲಿಸಿದ ಮೇಲೆ ಹಂತ 2ರ ನೂರು ನೋಟಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು, ಏಕೆಂದರೆ ಕೆಲವು ಯಂತ್ರಗಳಲ್ಲಿ ನೀವು ಹೊಂದಿಸಿದ ಮಟ್ಟ ಅಳಿಸಿಹೋಗುತ್ತದೆ.

ಶುಚಿ ಮಾಡುವಾಗ ಮೊದಲು ಪ್ಲಗ್ ಕಿತ್ತಿಡಿ. ದಿನದ ಕೊನೆಗೆ ಬ್ರಷ್ಷಿನಿಂದ ಧೂಳು ಹೊರಕ್ಕೆ ಗುಡಿಸಿ. ಬಾಯಿಯಿಂದ ಊದಿದರೆ ಧೂಳಿನ ಜೊತೆ ತೇವವೂ ಒಳಗೆ ಹೋಗುತ್ತದೆ. ವಾರಕ್ಕೊಮ್ಮೆ ಬಟ್ಟೆಗೆ ಎರಡು ಹನಿ ಆಲ್ಕೋಹಾಲ್ ಹಾಕಿ ಸೆನ್ಸರಿನ ಗಾಜು ಒರೆಸಿ. ದ್ರವವನ್ನು ನೇರವಾಗಿ ಯಂತ್ರಕ್ಕೆ ಸುರಿಯಬೇಡಿ. ರಬ್ಬರ್ ರೋಲರಿಗೆ ನೀರಲ್ಲಿ ಹಿಂಡಿದ ಬಟ್ಟೆ ಸಾಕು; ಆಲ್ಕೋಹಾಲ್ ಪದೇ ಪದೇ ತಾಗಿದರೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ.

## ಹಂತ 10: ಖೋಟಾ ಎಂದು ಖಚಿತವಾದಾಗ

ಕನಿಷ್ಠ ಎರಡು ಬೇರೆ ಬೇರೆ ಬಗೆಯ ಪರೀಕ್ಷೆಗಳಲ್ಲಿ ತಪ್ಪಿದ ನೋಟನ್ನು ಮಾತ್ರ ಖೋಟಾ ಎಂದು ಪರಿಗಣಿಸಿ. ಯುವಿ ಒಂದರಲ್ಲೇ ಎರಡು ಸಲ ತಪ್ಪಿದರೆ ಅದು ಎರಡಾಗುವುದಿಲ್ಲ.

ಕೊಟ್ಟವರ ಮೇಲೆ ಕೂಗಾಡಬೇಡಿ. ಹೆಚ್ಚಿನ ಸಲ ಅವರಿಗೂ ಅದು ಬೇರೆ ಯಾರಿಂದಲೋ ಬಂದಿರುತ್ತದೆ, ನಷ್ಟ ಅವರದೇ ಆಗಿರುತ್ತದೆ. ನೋಟನ್ನು ಇನ್ನೂ ಸ್ವೀಕರಿಸದಿದ್ದರೆ ‘ಯಂತ್ರ ಇದನ್ನು ತೆಗೆದುಕೊಳ್ಳುತ್ತಿಲ್ಲ, ದಯವಿಟ್ಟು ಬೇರೆ ಕೊಡಿ’ ಎಂದರೆ ಸಾಕು. ತಂದವರು ತಿಳಿದೇ ತಂದಿದ್ದಾರೆ ಅನ್ನಿಸಿದರೆ ತಡೆದು ನಿಲ್ಲಿಸುವ ಸಾಹಸಕ್ಕೆ ಇಳಿಯಬೇಡಿ; ಚಹರೆ, ಹೋದ ದಿಕ್ಕು, ವಾಹನ ಗಮನದಲ್ಲಿಟ್ಟುಕೊಂಡು ಪೊಲೀಸರಿಗೆ ತಿಳಿಸಿ.

ಈಗಾಗಲೇ ನಿಮ್ಮ ಕೈ ಸೇರಿದ ನೋಟಾದರೆ ಅಂಚನ್ನಷ್ಟೇ ಹಿಡಿದು ಲಕೋಟೆಗೆ ಹಾಕಿ. ಲಕೋಟೆಯ ಮೇಲೆ ದಿನಾಂಕ, ಸಮಯ, ಮುಖಬೆಲೆ, ಕ್ರಮಸಂಖ್ಯೆ, ಯಾವ ಪರೀಕ್ಷೆಯಲ್ಲಿ ಏನು ಕಂಡಿತು ಎಂಬುದನ್ನು ಬರೆಯಿರಿ. ಬರೆಯುವುದು ನೋಟು ಒಳಗೆ ಹಾಕುವ ಮೊದಲೇ ಆಗಲಿ, ಪೆನ್ನಿನ ಒತ್ತು ನೋಟಿನ ಮೇಲೆ ಮೂಡಬಾರದು. ಹರಿಯುವುದು, ಸುಡುವುದು, ಮೇಲೆ ಗೀಚುವುದು ಬೇಡ. ಬ್ಯಾಂಕಿಗೋ ಪೊಲೀಸರಿಗೋ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.

ಆ ನೋಟಿನ ಬದಲಿಗೆ ಹಣ ಸಿಗುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಯೋಚನೆ ಬಂದರೆ ಅಲ್ಲೇ ತಡೆಯಿರಿ. ಖೋಟಾ ಎಂದು ಗೊತ್ತಾದ ಕ್ಷಣದಿಂದ ಅದನ್ನು ಚಲಾಯಿಸುವುದು ಅಪರಾಧ. ಮೊದಲು ಮೋಸ ಹೋದವರು ನೀವೇ ಆಗಿದ್ದರೂ ಕಾನೂನು ಆಗ ನಿಮ್ಮ ಪರ ಇರುವುದಿಲ್ಲ. ಲಕೋಟೆ ಮುಚ್ಚಿದ ಮೇಲೆ ಆ ದಿನ ಬಂದ ಅದೇ ಮುಖಬೆಲೆಯ ಉಳಿದ ನೋಟುಗಳನ್ನೂ ಹೊರತೆಗೆದು ಹಂತ 4ರಿಂದ ಒಂದೊಂದಾಗಿ ನೋಡಿ. ಖೋಟಾ ನೋಟು ಒಂಟಿಯಾಗಿ ಬರುವುದು ಕಡಿಮೆ.